ಎದೆಯೊಳಗೆ ಇಟ್ಟದ್ದಕ್ಕೆ ಒಂದು ಚೀಟಿಯನ್ನಾದರೂ ಕೊಡಿಸಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ಶಿವಮೊಗ್ಗ.

ಮಾನ್ಯರೇ,

ನಾನು ತೀರ್ಥಹಳ್ಳಿ ತಾಲ್ಲೂಕಿನವಳು. ಹದಿನಾಲ್ಕು ವರ್ಷಗಳಿಂದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಮಂಡಿಗೆ ಇಳಿಯುವ ಪ್ರತಿ ಮೂಟೆಗೂ ಒಂದು ಸಂಖ್ಯೆ ಬೀಳುತ್ತದೆ. ಯಾರ ತೋಟದ್ದು, ಯಾವ ದಿನ ಬಂತು, ತೂಕ ಎಷ್ಟು, ಅಡಿಕೆಯ ದರ್ಜೆ ರಾಶಿಯೋ ಬೆಟ್ಟೆಯೋ ಸರಕೋ ಗೊರಬಲೋ, ಎಲ್ಲವೂ ಪುಸ್ತಕಕ್ಕೆ ಏರುತ್ತದೆ. ಆರು ವರ್ಷದ ಹಿಂದಿನ ಮೂಟೆಯ ಬಗ್ಗೆ ಯಾರಾದರೂ ತಕರಾರು ತೆಗೆದರೂ ಅರ್ಧ ಗಂಟೆಯೊಳಗೆ ಆ ಪುಟ ತೆರೆದು ತೋರಿಸಬಲ್ಲೆ. ಇಂಥ ನನ್ನ ಎದೆಯೊಳಗೆ ಆರು ವರ್ಷ ಹತ್ತು ತಿಂಗಳ ಕಾಲ ಎರಡು ಸಿಲಿಕೋನ್ ಚೀಲಗಳಿದ್ದವು. ಸ್ತನ ದೊಡ್ಡದಾಗಿ ಕಾಣಲೆಂದು ಶಸ್ತ್ರಚಿಕಿತ್ಸೆ ಮಾಡಿ ಇಡುವ ಇವನ್ನು ಇಂಪ್ಲಾಂಟ್ ಎನ್ನುತ್ತಾರೆ. ಅವು ಯಾವ ಕಂಪನಿಯವು, ಯಾವ ಬಗೆಯವು ಎಂಬುದು ನನಗೆ ಗೊತ್ತಿರಲಿಲ್ಲ. ನನ್ನನ್ನು ಪರೀಕ್ಷಿಸಿದ ವೈದ್ಯರಿಗೆ ಗೊತ್ತಿರಲಿಲ್ಲ. ಕೊನೆಗೆ ಇಟ್ಟ ಜಾಗಕ್ಕೇ ಕೇಳಲು ಹೋದರೆ ಅಲ್ಲಿಯೂ ಅದರ ದಾಖಲೆ ಇರಲಿಲ್ಲ.

ಇಷ್ಟು ದಿನ ಮುಚ್ಚಿಟ್ಟ ವಿಷಯವನ್ನು ಈಗ ಬರೆಯಲು ಕಾರಣ ನಮ್ಮ ಪಕ್ಕದ ಮನೆಯ ಹುಡುಗಿ. ಅವಳಿಗೆ ಹತ್ತೊಂಬತ್ತು ವರ್ಷ. ಶಿವಮೊಗ್ಗದಲ್ಲಿ ಪದವಿ ಓದುತ್ತಿದ್ದಾಳೆ. ಹೋದ ತಿಂಗಳು ಊರಿಗೆ ಬಂದವಳು, ನಾನು ಬಚ್ಚಲೊಲೆಗೆ ಬೆಂಕಿ ಹಾಕುತ್ತಿದ್ದಾಗ ಹಿತ್ತಲ ಬಾಗಿಲಲ್ಲಿ ನಿಂತು, ಮೊಬೈಲಿನಲ್ಲಿ ಒಂದು ಜಾಹೀರಾತು ತೋರಿಸಿದಳು. ಹೋಟೆಲೊಂದರ ಸಭಾಂಗಣದಲ್ಲಿ ಸೌಂದರ್ಯ ಶಸ್ತ್ರಚಿಕಿತ್ಸೆಯ ಉಚಿತ ಸಮಾಲೋಚನೆ, ಆ ದಿನವೇ ಹೆಸರು ಕೊಟ್ಟವರಿಗೆ ರಿಯಾಯಿತಿ, ಉಳಿದದ್ದಕ್ಕೆ ಕಂತಿನ ಸೌಲಭ್ಯ. "ಚಿಕ್ಕಮ್ಮ, ಇದರಿಂದ ಏನೂ ತೊಂದರೆ ಇಲ್ಲವಂತೆ, ಹೌದೇ? ಅಮ್ಮನ ಹತ್ತಿರ ಕೇಳಲು ಆಗುವುದಿಲ್ಲ" ಎಂದಳು. ಅವಳು ನನ್ನನ್ನೇ ಏಕೆ ಕೇಳಿದಳೋ ಅರಿಯೆ. ನನ್ನ ವಿಷಯ ಅವಳಿಗೆ ತಿಳಿದಿರಲಿಲ್ಲ. ಉರಿಯುತ್ತಿದ್ದ ಅಡಿಕೆ ಸೋಗೆ ಕೈಗೆ ತಾಗುವವರೆಗೂ ನಾನು ಸುಮ್ಮನೆ ಕುಳಿತಿದ್ದೆ. ಏಕೆಂದರೆ ಅದೇ ಮಾತನ್ನು, ಅಂಥದೇ ಸಭಾಂಗಣದಲ್ಲಿ, ನಾನೂ ಕೇಳಿದ್ದೆ.

ನನ್ನ ಕಥೆಯನ್ನು ಸ್ವಲ್ಪ ಹೇಳದೆ ನನ್ನ ಬೇಡಿಕೆ ನಿಮಗೆ ಅರ್ಥವಾಗಲಾರದು.

ನನ್ನನ್ನು ಯಾರೂ ಒತ್ತಾಯಿಸಲಿಲ್ಲ. ನನ್ನ ಗಂಡ ಒಂದು ದಿನವೂ ನನ್ನ ಮೈಯ ಬಗ್ಗೆ ಮಾತಾಡಿದವರಲ್ಲ. ಆದರೆ ಹೈಸ್ಕೂಲಿನಿಂದಲೂ ನನಗೆ ಒಂದು ಅಡ್ಡಹೆಸರಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಮದುವೆಯಲ್ಲಿ ರವಿಕೆ ಹೊಲಿಯುವಾಗ ದರ್ಜಿ ಹೆಂಗಸು, ಒಳಗೆ ಸ್ವಲ್ಪ ಸ್ಪಂಜು ಇಡೋಣ ಎಂದು ಎಲ್ಲರೆದುರು ಹೇಳಿದ್ದು ಹನ್ನೆರಡು ವರ್ಷವಾದರೂ ಮರೆತಿಲ್ಲ. ಎರಡು ಮಕ್ಕಳಿಗೆ ಹಾಲುಣಿಸಿದ ಮೇಲೆ ಇದ್ದದ್ದೂ ಇಳಿಯಿತು. ಸೆರಗನ್ನು ಎರಡು ಸುತ್ತು ಹೊದೆಯುವುದು ರೂಢಿಯಾಯಿತು. ಹೆಣ್ಣುಮಕ್ಕಳ ಈ ಸಂಕಟವನ್ನು ಹುಚ್ಚು ಎನ್ನುವವರಿದ್ದಾರೆ. ಅವರ ಮೇಲೆ ನನಗೆ ಕೋಪವಿಲ್ಲ. ಆದರೆ ಬಾಲ್ಯದಿಂದ ಒಬ್ಬಳ ಮೈಯನ್ನು ಹತ್ತು ಜನ ಅಳೆಯುತ್ತಾ ಬಂದರೆ ಹನ್ನೊಂದನೆಯವಳಾಗಿ ಅವಳೇ ಟೇಪು ಹಿಡಿಯುತ್ತಾಳೆ. ನಾನು ಹಿಡಿದೆ.

2016ರ ಕೊನೆಯಲ್ಲಿ ಶಿವಮೊಗ್ಗದಲ್ಲಿ ಅಂಥ ಒಂದು ಶಿಬಿರ ನಡೆಯಿತು. ಮಂಡಿಯ ಕೆಲಸಕ್ಕೆಂದು ಪೇಟೆಗೆ ಹೋದವಳು ಯಾರಿಗೂ ಹೇಳದೆ ಒಳಗೆ ಹೋದೆ. ಅಲ್ಲಿ ಮೊದಲು ಸಿಕ್ಕಿದ್ದು ವೈದ್ಯರಲ್ಲ, ಸಮಾಲೋಚಕಿ ಎಂದು ಹೇಳಿಕೊಂಡ ಒಬ್ಬ ಯುವತಿ. ಅಂಗೈ ಮೇಲೆ ಒಂದು ಮಾದರಿ ಇಟ್ಟು ಒತ್ತಿ ನೋಡಿ ಎಂದಳು. ಮೆತ್ತಗಿತ್ತು, ತಣ್ಣಗಿತ್ತು. ಎಷ್ಟು ವರ್ಷ ಇರುತ್ತದೆ ಎಂದು ಕೇಳಿದೆ. "ಜೀವನಪರ್ಯಂತ ಗ್ಯಾರಂಟಿ ಮೇಡಂ" ಎಂದಳು. ಆ ಗ್ಯಾರಂಟಿ ಚೀಲಕ್ಕೆ ಸಂಬಂಧಿಸಿದ್ದು, ಒಡೆದರೆ ಬೇರೆ ಚೀಲ ಕೊಡುವುದಕ್ಕೆ ಮಾತ್ರ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಆ ದಿನ ನನಗೆ ಕೇಳಿಸಿದ್ದು, ನನ್ನ ಜೀವನದುದ್ದಕ್ಕೂ ಏನೂ ಆಗುವುದಿಲ್ಲ ಎಂದು.

2017ರ ಜನವರಿಯಲ್ಲಿ ಬೆಂಗಳೂರಿನ ಒಂದು ಕ್ಲಿನಿಕ್‌ನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಒಂದು ಲಕ್ಷ ಎಂಬತ್ತು ಸಾವಿರ ರೂಪಾಯಿ. ಅರ್ಧ ನನ್ನ ಚೀಟಿ ಹಣ, ಅರ್ಧ ಕಂತು. ಮನೆಯಲ್ಲಿ ಅತ್ತೆಯವರ ಬಳಿ, ನನಗೆ ಪಿತ್ತಕೋಶದ ಕಲ್ಲು ತೆಗೆಸುವುದಿದೆ ಎಂದು ಹೇಳಿದ್ದೆ. ಒಪ್ಪಿಗೆ ಪತ್ರ ನನ್ನ ಕೈಗೆ ಬಂದದ್ದು ಹಸಿರು ಗೌನು ತೊಡಿಸಿ, ಕೈಗೆ ಸೂಜಿ ಚುಚ್ಚಿ ಮಲಗಿಸಿದ ಮೇಲೆ. ನಾಲ್ಕು ಪುಟ, ಎಲ್ಲವೂ ಇಂಗ್ಲಿಷ್. ನಾನು ಬಿ.ಕಾಂ. ಓದಿದವಳು, ಸಮಯ ಕೊಟ್ಟಿದ್ದರೆ ಓದಿ ಅರ್ಥ ಮಾಡಿಕೊಳ್ಳುತ್ತಿದ್ದೆ. ಸೂಜಿ ಚುಚ್ಚಿದ ಕೈಯಲ್ಲೇ ಪೆನ್ನು ಹಿಡಿದು ನಾಲ್ಕು ಕಡೆ ಸಹಿ ಹಾಕಿದೆ. ಮಂಡಿಯಲ್ಲಿ ಓದದೆ ಒಂದು ರಸೀದಿಗೂ ಸಹಿ ಹಾಕದವಳು ನಾನು.

ಮೊದಲ ಎರಡು ವರ್ಷ ಸಂತೋಷವಾಗಿಯೇ ಇದ್ದೆ. ಸತ್ಯ ಹೇಳಬೇಕೆಂದರೆ ಅದನ್ನೂ ಹೇಳಬೇಕು. ತಂಗಿಯ ಮಗಳ ಮದುವೆಯಲ್ಲಿ ಸೆರಗನ್ನು ಒಂದೇ ಸುತ್ತು ಹೊದ್ದು ಓಡಾಡಿದೆ.

2019ರ ಮಳೆಗಾಲದಲ್ಲಿ ಸುಸ್ತು ಶುರುವಾಯಿತು. ಮಲೆನಾಡಿನ ಮಳೆಯಲ್ಲಿ ಯಾರಿಗೆ ಸುಸ್ತಾಗುವುದಿಲ್ಲ ಎಂದುಕೊಂಡೆ. ಕೊಯ್ಲಿನ ಹೊತ್ತಿಗೆ ಬೆರಳ ಗೆಣ್ಣುಗಳು ಬಿಗಿದು, ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತರೆ ಕಾಯಿ ಹಿಡಿಯಲು ಆಗದಂತಾಯಿತು. ಸುತ್ತ ಕುಳಿತ ಹೆಂಗಸರು ಎರಡು ಡಬ್ಬ ಸುಲಿಯುವಷ್ಟರಲ್ಲಿ ನನ್ನದು ಅರ್ಧವೂ ಆಗುತ್ತಿರಲಿಲ್ಲ. ತಲೆ ಬಾಚಿದರೆ ಬಾಚಣಿಗೆ ತುಂಬಾ ಕೂದಲು. ಕುತ್ತಿಗೆ, ಎದೆಯ ಮೇಲೆ ಕೆಂಪು ಗಂದೆ. ಎಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಮರೆವು. ನಾಲ್ಕು ಅಂಕಿಯ ತೂಕವನ್ನು ಚೀಟಿಯಿಂದ ಪುಸ್ತಕಕ್ಕೆ ಇಳಿಸುವಷ್ಟರಲ್ಲಿ ಮರೆತುಹೋಗುತ್ತಿತ್ತು. ಒಂದು ಸಂಜೆ ಕೂಡಿದ ಮೊತ್ತ ಮೂರು ಸಲವೂ ಬೇರೆ ಬೇರೆ ಬಂತು. ಅಂಗಡಿಯ ಯಜಮಾನರು ಏನೂ ಅನ್ನಲಿಲ್ಲ, ಪುಸ್ತಕವನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು. ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲಿನ ಮೂರು ವರ್ಷ ನಾನು ನೋಡದ ವೈದ್ಯರಿಲ್ಲ. ಥೈರಾಯ್ಡ್ ಪರೀಕ್ಷೆ, ಸಂಧಿವಾತದ ಪರೀಕ್ಷೆ, ವಿಟಮಿನ್ ಡಿ, ಹಳೆಯ ಚಿಕೂನ್‌ಗುನ್ಯ ಇರಬಹುದೆಂದು ಅದರದ್ದೊಂದು. ಒಬ್ಬರು ನಿದ್ದೆ ಮಾತ್ರೆ ಕೊಟ್ಟರು. ಇನ್ನೊಬ್ಬರು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಊರಿನಲ್ಲಿ ಕಷಾಯ, ಪಥ್ಯ, ಎಣ್ಣೆ ಸ್ನಾನ ಎಲ್ಲ ಆಯಿತು.

ಇಲ್ಲಿ ನನ್ನ ತಪ್ಪನ್ನು ನಾನೇ ಬರೆಯಬೇಕು. ಹೊಸ ವೈದ್ಯರ ಬಳಿ ಹೋದಾಗಲೆಲ್ಲ, ಹಿಂದೆ ಏನಾದರೂ ಆಪರೇಷನ್ ಆಗಿದೆಯೇ ಎಂದು ಕೇಳುತ್ತಾರೆ. ಪಕ್ಕದಲ್ಲಿ ಗಂಡನೋ ನಾದಿನಿಯೋ ಇರುತ್ತಿದ್ದರು, ಹೊರಗೆ ನಮ್ಮೂರಿನ ಹತ್ತು ಜನ ಸಾಲಿನಲ್ಲಿರುತ್ತಿದ್ದರು. ನಾನು ಇಲ್ಲ ಎಂದೆ. ಪ್ರತಿ ಸಲವೂ ಇಲ್ಲ ಎಂದೆ. ಅವರು ನಂಬಿ ಹಾಗೆಯೇ ಬರೆದುಕೊಂಡರು. ಮೂರು ವರ್ಷದ ನನ್ನ ಆರೋಗ್ಯದ ಕಡತದಲ್ಲಿ ಸುಳ್ಳು ನಮೂದು ಮಾಡಿಸಿದವಳು ನಾನೇ. ಆ ವೈದ್ಯರನ್ನು ನಾನು ದೂರುವುದಿಲ್ಲ. ಆದರೆ ನಾಚಿಕೆ ಎನ್ನುವುದು ನನ್ನೊಬ್ಬಳ ಸ್ವಭಾವದ ದೋಷವಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ತೆಗೆಸಿಕೊಂಡ ಮೇಲೆ ನಾನು ನಂಬಿಕೆಯ ಮೂರ್ನಾಲ್ಕು ಹೆಂಗಸರಿಗೆ ವಿಷಯ ಹೇಳಿದೆ. ಅವರ ಮೂಲಕ ಇನ್ನಿಬ್ಬರು ನನ್ನ ಬಳಿಗೆ ಬಂದರು, ಒಬ್ಬರು ಸಾಗರದ ಕಡೆಯವರು, ಇನ್ನೊಬ್ಬರು ಭದ್ರಾವತಿಯವರು. ಇಬ್ಬರೂ ಗಂಡನ ಹೊರತು ಯಾರಿಗೂ ಹೇಳಿರಲಿಲ್ಲ. ಇಬ್ಬರ ಬಳಿಯೂ ಹಣ ಕಟ್ಟಿದ ರಸೀದಿ ಬಿಟ್ಟರೆ ಬೇರೆ ಕಾಗದವಿರಲಿಲ್ಲ.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ಕಿರುತೆರೆಯ ಯುವ ನಟಿಯೊಬ್ಬರು ತೀರಿಕೊಂಡ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಅದು ಬೇರೆಯೇ ಚಿಕಿತ್ಸೆ. ಆದರೂ ಆ ಹುಡುಗಿಯ ಮುಖ ನೋಡಿದ ದಿನ ನಾನು ಮೊಬೈಲ್ ಹಿಡಿದು, ಮನೆಯವರೆಲ್ಲ ಮಲಗಿದ ಮೇಲೆ, ನನ್ನೊಳಗೆ ಇರುವುದರ ಬಗ್ಗೆ ಮೊದಲ ಬಾರಿಗೆ ಓದಿದೆ. ಐದು ವರ್ಷ ಮೊದಲು ಓದಬೇಕಾಗಿದ್ದನ್ನು ಓದಿದೆ.

ಸಿಲಿಕೋನ್ ಚೀಲವನ್ನು ಹೆಣ್ಣಿನ ಎದೆಯೊಳಗೆ ಮೊದಲು ಇಟ್ಟದ್ದು 1962ರಲ್ಲಿ, ಅಮೆರಿಕದ ಟೆಕ್ಸಾಸ್‌ನಲ್ಲಿ. ಮೂವತ್ತು ವರ್ಷದ ಮೇಲೆ, 1992ರಲ್ಲಿ, ಸುರಕ್ಷತೆಯ ಪುರಾವೆ ಸಾಲದು ಎಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು ಬರಿಯ ಅಂದಕ್ಕಾಗಿ ಸಿಲಿಕೋನ್ ಜೆಲ್ ಚೀಲ ಇಡುವುದನ್ನು ತಡೆಯಿತು. ಮತ್ತೆ ಅನುಮತಿ ಸಿಕ್ಕಿದ್ದು 2006ರಲ್ಲಿ. ಆಗಲೂ ಅಂದಕ್ಕಾಗಿ ಇಡುವುದಾದರೆ ಇಪ್ಪತ್ತೆರಡು ವರ್ಷ ತುಂಬಿದವರಿಗೆ ಮಾತ್ರ ಎಂದು. ನಮ್ಮ ಪಕ್ಕದ ಮನೆಯ ಹುಡುಗಿಗೆ ಹತ್ತೊಂಬತ್ತು ಎಂದು ಮೇಲೆ ಬರೆದಿದ್ದೇನೆ. 2010ರಲ್ಲಿ ಫ್ರಾನ್ಸ್‌ನ ಪಿಐಪಿ ಎಂಬ ಕಂಪನಿಯು ವೈದ್ಯಕೀಯ ದರ್ಜೆಯಲ್ಲದ, ಕಾರ್ಖಾನೆ ಬಳಕೆಯ ಸಿಲಿಕೋನನ್ನು ತುಂಬಿ ಮಾರುತ್ತಿದ್ದುದು ಬಯಲಾಯಿತು. ಹಲವು ದೇಶಗಳ ಹೆಂಗಸರ ಮೈಯಲ್ಲಿ ಅದು ಸೇರಿಹೋಗಿತ್ತು. ಕಂಪನಿಯ ಸ್ಥಾಪಕನಿಗೆ 2013ರಲ್ಲಿ ಜೈಲು ಶಿಕ್ಷೆಯಾಯಿತು.

ನನ್ನ ಕೈ ನಡುಗಿದ್ದು 2019ರ ಸುದ್ದಿ ಓದಿದಾಗ. ಮೇಲ್ಮೈ ಒರಟಾಗಿರುವ ಬಗೆಯ ಚೀಲಗಳ ಸುತ್ತ ಬೆಳೆಯುವ ಪೊರೆಯಲ್ಲಿ ಲಿಂಫೋಮಾ ಎಂಬ ಒಂದು ಅಪರೂಪದ ಕ್ಯಾನ್ಸರ್ ಕಾಣಿಸಿಕೊಳ್ಳಬಹುದು. ಅಮೆರಿಕದ ಆಡಳಿತ 2011ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು, 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಪ್ರತ್ಯೇಕ ಕಾಯಿಲೆ ಎಂದು ಗುರುತಿಸಿತ್ತು. ಎಂದರೆ ನಾನು ಮೇಜಿನ ಮೇಲೆ ಮಲಗಿ ಸಹಿ ಹಾಕುವ ಹೊತ್ತಿಗೆ ಇದು ವೈದ್ಯಲೋಕಕ್ಕೆ ಗೊತ್ತಿದ್ದ ಸಂಗತಿ. 2019ರ ಜುಲೈನಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಎಂಬ ಒರಟು ಮೈಯ ಚೀಲಗಳನ್ನು ಜಗತ್ತಿನ ಮಾರುಕಟ್ಟೆಯಿಂದಲೇ ವಾಪಸು ಪಡೆಯಿತು.

ನನ್ನ ಮೈಯಲ್ಲಿರುವುದು ಒರಟೋ ನಯವೋ? ಯಾವ ಕಂಪನಿ? ಮರುದಿನ ಬೆಳಿಗ್ಗೆ ಬೆಂಗಳೂರಿನ ಕ್ಲಿನಿಕ್‌ಗೆ ಫೋನ್ ಮಾಡಿದೆ. ಸಂಖ್ಯೆ ಚಾಲ್ತಿಯಲ್ಲಿರಲಿಲ್ಲ. ಬಸ್ಸು ಹತ್ತಿ ಹೋದೆ. ಅದೇ ಕಟ್ಟಡದಲ್ಲಿ ಬೇರೆ ಹೆಸರಿನ ಕ್ಲಿನಿಕ್ ಇತ್ತು. ಹಳೆಯವರ ಕಡತ ನಮ್ಮ ಬಳಿ ಇಲ್ಲ ಎಂದರು. ನನ್ನ ಬಳಿ ಇದ್ದದ್ದು ಒಂದು ಪುಟದ ಬಿಡುಗಡೆ ಪತ್ರ. ಅದರಲ್ಲಿ 'ಇಂಪ್ಲಾಂಟ್ ಇಡಲಾಗಿದೆ' ಎಂದಿತ್ತು, ಮತ್ತೇನೂ ಇರಲಿಲ್ಲ. ಈ ಚೀಲಗಳ ಪೆಟ್ಟಿಗೆಯೊಳಗೆ ಕಂಪನಿಯ ಹೆಸರು, ಅಳತೆ, ಬಗೆ, ಸರಣಿ ಸಂಖ್ಯೆ ಇರುವ ಅಂಟುಚೀಟಿಗಳು ಬರುತ್ತವೆ. ಒಂದನ್ನು ಆಸ್ಪತ್ರೆಯ ಕಡತಕ್ಕೆ ಅಂಟಿಸಬೇಕು, ಇನ್ನೊಂದನ್ನು ರೋಗಿಯ ಕಾರ್ಡಿಗೆ ಅಂಟಿಸಿ ಕೈಗೆ ಕೊಡಬೇಕು. ಹೆಬ್ಬೆಟ್ಟಿನಷ್ಟು ಅಗಲದ ಚೀಟಿ. ಅದು ನನ್ನ ಕೈಗೆ ಬರಲಿಲ್ಲ.

ಆ ರಾತ್ರಿ ಬಸ್ಸಿನಲ್ಲಿ ವಾಪಸು ಬರುವಾಗಲೇ ನಿರ್ಧರಿಸಿದೆ. ಮನೆಗೆ ಬಂದು ಗಂಡನ ಎದುರು ಕುಳಿತು, ಹೊಸ ವೈದ್ಯರ ಬಳಿ ಹೋಗೋಣ, ಈ ಸಲ ನಿಜ ಹೇಳುತ್ತೇನೆ ಎಂದೆ.

ನಿಜ ಹೇಳಿದ ಮೇಲೆ ಕೆಲಸ ಬೇಗ ನಡೆಯಿತು ಎನ್ನಲಾರೆ, ಹಣ ಹೊಂದಿಸಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆದರೆ ದಾರಿ ಕಾಣಿಸಿತು. ಎಡಗಡೆ ಗಟ್ಟಿಯಾಗಿ, ಮೇಲಕ್ಕೆ ಸರಿದು ನೋಯುತ್ತಿತ್ತು. ಒಳಗೆ ಇಟ್ಟ ಹೊರವಸ್ತುವಿನ ಸುತ್ತ ದೇಹ ಒಂದು ಪೊರೆ ಕಟ್ಟುತ್ತದೆ, ಕೆಲವರಲ್ಲಿ ಆ ಪೊರೆ ದಪ್ಪವಾಗಿ ಚೀಲವನ್ನು ಹಿಂಡುತ್ತದೆ ಎಂದು ವೈದ್ಯೆ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಎಂಆರ್‌ಐ ಮಾಡಿಸಿದಾಗ ಎಡಗಡೆಯದು ಒಡೆದಿರುವುದು ಗೊತ್ತಾಯಿತು. ಯಾವಾಗ ಒಡೆದಿತ್ತೋ. ಸಿಲಿಕೋನ್ ಚೀಲ ಒಡೆದರೆ ಹೊರಗೆ ಗೊತ್ತಾಗಲೇಬೇಕೆಂದಿಲ್ಲ, ಜೆಲ್ಲು ಪೊರೆಯೊಳಗೇ ಉಳಿದು ಸದ್ದಿಲ್ಲದೆ ಇರಬಹುದು. ಅದಕ್ಕಾಗಿಯೇ ಇಟ್ಟ ಐದಾರು ವರ್ಷಕ್ಕೆ ಒಮ್ಮೆ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕೆಂದು ಅಮೆರಿಕದಲ್ಲಿ ಸಲಹೆ ಇದೆ. ನನಗೆ ಹೇಳಿದ್ದು ಹತ್ತು ದಿನ ಬಿಟ್ಟು ಹೊಲಿಗೆ ಬಿಚ್ಚಿಸಲು ಬನ್ನಿ ಎಂದಷ್ಟೇ.

2023ರ ನವೆಂಬರ್‌ನಲ್ಲಿ ಆಗುಂಬೆ ಘಟ್ಟ ಇಳಿದು ಕರಾವಳಿಯ ಒಂದು ಆಸ್ಪತ್ರೆಯಲ್ಲಿ ಎರಡನ್ನೂ ತೆಗೆಸಿದೆ. ಎರಡು ಲಕ್ಷ ಹತ್ತು ಸಾವಿರ ರೂಪಾಯಿ, ಇಡಿಸಿದ್ದಕ್ಕಿಂತ ಹೆಚ್ಚು. ಮೂಲ ಶಸ್ತ್ರಚಿಕಿತ್ಸೆ ಅಂದಕ್ಕಾಗಿ ಮಾಡಿಸಿದ್ದು ಎಂದು ವಿಮೆಯವರು ಒಂದು ರೂಪಾಯಿಯನ್ನೂ ಕೊಡಲಿಲ್ಲ. ಗಂಡ ಬೈಕು ಮಾರಿದರು. ನನಗೆ ಎಚ್ಚರವಾದ ಮೇಲೆ ಶಸ್ತ್ರವೈದ್ಯರು ಮೊಬೈಲಿನಲ್ಲಿ ಫೋಟೊ ತೋರಿಸಿದರು. ಚೀಲದ ಬೆನ್ನಿಗೆ ಅಚ್ಚೊತ್ತಿದ ಗುರುತು, ಅಂಕಿಗಳು. ಒರಟು ಮೈಯದೇ ಆಗಿತ್ತು. ಪೊರೆಯನ್ನು ಲಿಂಫೋಮಾ ಪರೀಕ್ಷೆಗೆ ಕಳುಹಿಸಿದರು. ವರದಿ ಬರಲು ಹತ್ತು ದಿನ. ಆ ಹತ್ತು ದಿನ ಮಕ್ಕಳ ಮುಖ ನೋಡಲು ಆಗುತ್ತಿರಲಿಲ್ಲ. ಕ್ಯಾನ್ಸರ್ ಇಲ್ಲ ಎಂದು ಬಂತು.

ಈಗ ಹೇಗಿದ್ದೇನೆ? ಮೂರು ತಿಂಗಳಲ್ಲಿ ಗಂದೆ ಹೋಯಿತು. ಬೆರಳು ಬಹುಮಟ್ಟಿಗೆ ಸಡಿಲವಾಗಿವೆ, ಮೊನ್ನೆಯ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತೆ. ಲೆಕ್ಕದ ಪುಸ್ತಕ ಮತ್ತೆ ನನ್ನ ಕೈಗೆ ಬಂದಿದೆ. ಸುಸ್ತು ಪೂರ್ತಿ ಹೋಗಿಲ್ಲ. ನನ್ನ ಎಲ್ಲ ಕಾಯಿಲೆಗೂ ಆ ಚೀಲಗಳೇ ಕಾರಣ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಇಂಥ ಸುಸ್ತು, ಕೀಲುನೋವು, ಮರೆವು, ಕೂದಲುದುರುವಿಕೆಯನ್ನು ಸಾವಿರಾರು ಹೆಂಗಸರು ಹೇಳಿಕೊಂಡಿದ್ದಾರೆ, ತೆಗೆಸಿದ ಮೇಲೆ ಹಲವರಿಗೆ ಕಡಿಮೆಯಾಗಿದೆ. ಆದರೆ ಅದನ್ನು ಖಚಿತಪಡಿಸುವ ಒಂದು ರಕ್ತಪರೀಕ್ಷೆ ಇನ್ನೂ ಇಲ್ಲ, ಕಾರಣವೂ ನಿರ್ಧಾರವಾಗಿಲ್ಲ. ಇಡಿಸಿಕೊಂಡು ತೊಂದರೆಯಿಲ್ಲದೆ ಇರುವವರು ಹೆದರಿ ಓಡಿಹೋಗಿ ತೆಗೆಸಬೇಕಾಗಿಲ್ಲ, ವಾಪಸು ಪಡೆದ ಬಗೆಯ ಚೀಲಗಳಿದ್ದರೂ ಲಕ್ಷಣಗಳಿಲ್ಲದಿದ್ದರೆ ತೆಗೆಸಬೇಕೆಂದು ಅಮೆರಿಕದ ಆಡಳಿತ ಸಲಹೆ ಕೊಟ್ಟಿಲ್ಲ. ಆದರೆ ಹಲವು ವರ್ಷಗಳ ನಂತರ ಒಂದು ಕಡೆ ತಟ್ಟನೆ ಊದಿಕೊಂಡರೆ, ನೀರು ತುಂಬಿದಂತಾದರೆ, ಗಂಟು ಸಿಕ್ಕರೆ ಒಂದು ದಿನವೂ ತಡ ಮಾಡಬೇಡಿ. ಆ ಲಿಂಫೋಮಾ ಬೇಗ ಪತ್ತೆಯಾದರೆ, ಚೀಲವನ್ನೂ ಪೊರೆಯನ್ನೂ ತೆಗೆದರೆ, ಹೆಚ್ಚಿನವರು ಗುಣವಾಗುತ್ತಾರೆ. ಮ್ಯಾಮೋಗ್ರಾಂಗೆ, ಎಂದರೆ ಸ್ತನದ ಎಕ್ಸ್‌ರೇ ಪರೀಕ್ಷೆಗೆ, ಹೋದಾಗ ಒಳಗೆ ಚೀಲ ಇದೆ ಎಂದು ಮೊದಲೇ ಹೇಳಿ. ಅದು ಮರೆ ಮಾಡುವ ಭಾಗವನ್ನು ನೋಡಲು ಬೇರೆ ಕೋನದಿಂದ ಚಿತ್ರ ತೆಗೆಯಬೇಕಾಗುತ್ತದೆ. ಈ ಕೆಲವು ಸಾಲುಗಳು ಅಧಿಕಾರಿಗಳಿಗಲ್ಲ, ಇದನ್ನು ಓದುತ್ತಿರುವ ಅಕ್ಕತಂಗಿಯರಿಗೆ. ಸ್ತನ ಕ್ಯಾನ್ಸರಿನಲ್ಲಿ ಎದೆ ಕಳೆದುಕೊಂಡು, ಮತ್ತೆ ರೂಪ ಪಡೆಯಲು ಇಂಪ್ಲಾಂಟ್ ಇಡಿಸಿಕೊಂಡವರೂ ನಿಮ್ಮಲ್ಲಿ ಇರಬಹುದು. ಅವರ ಆಯ್ಕೆಯನ್ನು ನಾನು ಪ್ರಶ್ನಿಸುತ್ತಿಲ್ಲ. ಅವರ ಕೈಯಲ್ಲೂ ಆ ಕಾರ್ಡ್ ಇರಬೇಕು, ಅಷ್ಟೇ.

ಮಾನ್ಯ ಆರೋಗ್ಯಾಧಿಕಾರಿಗಳೇ, ದಾಖಲೆಯ ಬೆಲೆಯನ್ನು ನಿಮ್ಮ ಇಲಾಖೆಗೆ ಹೇಳಿಕೊಡುವ ಅಗತ್ಯ ನನಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿರುವುದನ್ನೂ ಜನ ಜ್ವರದಲ್ಲಿ ಮಲಗುವುದನ್ನೂ ಯಾರೋ ಜೊತೆಗಿಟ್ಟು ನೋಡಿದ್ದರಿಂದಲೇ ಮಂಗನ ಕಾಯಿಲೆ ಜಗತ್ತಿಗೆ ತಿಳಿಯಿತು. ಇವತ್ತಿಗೂ ನಮ್ಮ ಕಡೆ ಕಾಡಿನಲ್ಲಿ ಮಂಗ ಸತ್ತಿದೆ ಎಂದು ಫೋನ್ ಬಂದರೆ ನಿಮ್ಮ ಸಿಬ್ಬಂದಿ ಬರುತ್ತಾರೆ, ಜಾಗ ಬರೆದುಕೊಳ್ಳುತ್ತಾರೆ, ಉಣುಗು ಹಿಡಿದು ಪರೀಕ್ಷೆಗೆ ಒಯ್ಯುತ್ತಾರೆ, ಉಣುಗು ಕಚ್ಚದಂತೆ ಹಚ್ಚಿಕೊಳ್ಳಲು ಮನೆಮನೆಗೆ ಡೆಪಾ ಎಣ್ಣೆ ಕೊಡುತ್ತಾರೆ. ಆಶಾ ಕಾರ್ಯಕರ್ತೆಯರು ನಮ್ಮ ಮನೆಗೆ ಈ ವರ್ಷವೂ ಬಂದಿದ್ದರು. ಬರೆದುಕೊಳ್ಳುವವರು ಇದ್ದರೆ ಜೀವ ಉಳಿಯುತ್ತದೆ ಎಂಬುದನ್ನು ಈ ಜಿಲ್ಲೆಯಷ್ಟು ಬಲ್ಲವರಿಲ್ಲ. ನನ್ನ ಎಡ ಎದೆಯಲ್ಲಿ ಚೀಲ ಒಡೆದದ್ದನ್ನು ಇವತ್ತಿನವರೆಗೆ ಯಾವ ಸರ್ಕಾರಿ ಪುಸ್ತಕವೂ ಬರೆದುಕೊಂಡಿಲ್ಲ. ಹೀಗಾದರೆ ಎಷ್ಟು ಜನರಿಗೆ ಒಡೆಯಿತು, ಯಾವ ಬಗೆಯದು ಒಡೆಯಿತು ಎಂದು ನಿಮಗೆ ತಿಳಿಯುವುದಾದರೂ ಹೇಗೆ?

ಕಾನೂನು ಇಲ್ಲವೆಂದು ನಾನು ಹೇಳುತ್ತಿಲ್ಲ, ಇರುವುದನ್ನು ಹುಡುಕಿ ಓದಿದ್ದೇನೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು. 2017ರ ತಿದ್ದುಪಡಿಯ ನಂತರ ಜಿಲ್ಲೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಅದಕ್ಕಾಗಿಯೇ ಈ ಪತ್ರ ನಿಮಗೆ. ವೈದ್ಯಕೀಯ ಸಾಧನಗಳಿಂದ ಆಗುವ ತೊಂದರೆಗಳನ್ನು ವರದಿ ಮಾಡಿಸಿಕೊಳ್ಳಲು ಕೇಂದ್ರ ಸರ್ಕಾರ 2015ರಲ್ಲಿ ಒಂದು ಕಾರ್ಯಕ್ರಮ ಆರಂಭಿಸಿತು, ಗಾಜಿಯಾಬಾದ್‌ನ ಭಾರತೀಯ ಔಷಧಕೋಶ ಆಯೋಗ ಅದನ್ನು ನಡೆಸುತ್ತಿದೆ. ಒಪ್ಪಿಗೆ ಎಂದರೆ ಬರಿಯ ಸಹಿ ಅಲ್ಲ, ಚಿಕಿತ್ಸೆಯ ಸ್ವರೂಪ, ಉದ್ದೇಶ, ಬದಲಿ ದಾರಿಗಳು, ಮುಖ್ಯ ಅಪಾಯಗಳು ಇವನ್ನೆಲ್ಲ ತಿಳಿಸಿ ಪಡೆಯಬೇಕು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಗ್ರಾಹಕ ಆಯೋಗಕ್ಕೆ ಹೋಗಬಹುದಲ್ಲ ಎಂದು ವಕೀಲರೊಬ್ಬರು ಕೇಳಿದರು. ದೂರಿಗೆ ಎರಡು ವರ್ಷದ ಗಡುವು, ಸಾಬೀತಿಗೆ ಕಾಗದ ಬೇಕು. ನನ್ನ ಬಳಿ ಆ ಒಂದು ಪುಟದ ಬಿಡುಗಡೆ ಪತ್ರ ಬಿಟ್ಟರೆ ಕಾಗದವೇ ಇಲ್ಲ. ಎಲ್ಲ ದಾರಿಯೂ ಸುತ್ತಿಬಂದು ಆ ಹೆಬ್ಬೆಟ್ಟಿನಗಲದ ಚೀಟಿಯ ಬಳಿಯೇ ನಿಲ್ಲುತ್ತದೆ.

ಅಮೆರಿಕದಲ್ಲಿ 2021ರ ಅಕ್ಟೋಬರ್‌ನಿಂದ ಒಂದು ಕಟ್ಟಳೆ ಇದೆ. ಈ ಚೀಲಗಳು ಜೀವನಪರ್ಯಂತ ಇರುವಂಥವಲ್ಲ, ವರ್ಷ ಕಳೆದಂತೆ ತೊಂದರೆಯ ಸಾಧ್ಯತೆ ಹೆಚ್ಚುತ್ತದೆ, ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗಬಹುದು, ಲಿಂಫೋಮಾಕ್ಕೂ ಮೈಯೆಲ್ಲ ಕಾಡುವ ಲಕ್ಷಣಗಳಿಗೂ ನಂಟು ಕಂಡಿದೆ ಎಂದು ಕಪ್ಪು ಚೌಕಟ್ಟಿನೊಳಗೆ ಮುದ್ರಿಸಬೇಕು. ಅಪಾಯಗಳ ಪಟ್ಟಿಯನ್ನು ರೋಗಿಯ ಜೊತೆ ಕುಳಿತು ಓದಿ, ಒಂದೊಂದಕ್ಕೂ ಅವಳ ಕಿರುಸಹಿ ಪಡೆಯಬೇಕು. ಹಾಗೆ ಮಾಡದ ಆಸ್ಪತ್ರೆಗೆ ಕಂಪನಿಯವರು ಚೀಲ ಮಾರುವಂತಿಲ್ಲ. ನಮ್ಮ ತೋಟಕ್ಕೆ ತರುವ ಕೀಟನಾಶಕದ ಡಬ್ಬದ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಗುರುತು ಇರುತ್ತದೆ. ಓದು ಬಾರದ ಆಳಿಗೂ ಕೆಂಪು ಕಂಡರೆ ಎಷ್ಟು ವಿಷ ಎಂದು ತಿಳಿಯುತ್ತದೆ. ಗಿಡಕ್ಕೆ ಹೊಡೆಯುವುದಕ್ಕೆ ಇಷ್ಟು ಎಚ್ಚರಿಕೆ ಇರುವಾಗ ಮೈಯೊಳಗೆ ಇಡುವುದಕ್ಕೆ ಒಂದು ಕನ್ನಡದ ಹಾಳೆ ಕೇಳುವುದು ಅತಿಯಾಸೆಯೇ?

ನಾನು ಕೇಳುವುದು ಇಷ್ಟು. ಶಿವಮೊಗ್ಗ ಜಿಲ್ಲೆಯಲ್ಲಿ ಹೊರಗಿನ ಕ್ಲಿನಿಕ್‌ಗಳು ನಡೆಸುವ ಇಂಥ ಶಿಬಿರಗಳಿಗೆ ನಿಮ್ಮ ಪ್ರಾಧಿಕಾರದ ಲಿಖಿತ ಅನುಮತಿ ಬೇಕೆಂದು ಮಾಡಿ. ಶಿಬಿರದಲ್ಲಿ ಹೆಸರು ಬರೆಸಿಕೊಳ್ಳುವ ಮೊದಲೇ, ಮುಂಗಡ ಹಣ ಪಡೆಯುವ ಮೊದಲೇ, ಅಪಾಯಗಳನ್ನು ಕನ್ನಡದಲ್ಲಿ ಮುದ್ರಿಸಿದ ಹಾಳೆಯನ್ನು ಕೈಗೆ ಕೊಟ್ಟು ಮನೆಗೆ ಕಳುಹಿಸಬೇಕು. ಅದನ್ನು ಓದಿ ಯೋಚಿಸಲು ಕೆಲವು ದಿನ ಬಿಡಬೇಕು. ಆ ದಿನವೇ ಹಣ ಕಟ್ಟಿದರೆ ರಿಯಾಯಿತಿ ಎನ್ನುವುದನ್ನು ನಿಲ್ಲಿಸಿ, ಅಡಿಕೆ ಮಾರುವವನಿಗೂ ನಾಳೆಯ ಧಾರಣೆ ಕಾಯುವ ಅವಕಾಶ ಇರುತ್ತದೆ. ಜಿಲ್ಲೆಯೊಳಗೆ ಎಲ್ಲೇ ಇಂಪ್ಲಾಂಟ್ ಇಟ್ಟರೂ, ಅದು ಎದೆಯದಿರಲಿ ಮೊಣಕಾಲಿನದಿರಲಿ, ಕಂಪನಿ, ಬಗೆ, ಸರಣಿ ಸಂಖ್ಯೆ ಬಿಡುಗಡೆ ಪತ್ರದಲ್ಲಿ ಇರಲೇಬೇಕೆಂದು ಸುತ್ತೋಲೆ ಹೊರಡಿಸಿ. ಆಸ್ಪತ್ರೆ ಮುಚ್ಚಿದರೆ ಅದರ ಇಂಪ್ಲಾಂಟ್ ದಾಖಲೆ ಜಿಲ್ಲಾ ಆರೋಗ್ಯ ಕಚೇರಿಗೆ ಬರಲಿ.

ಇನ್ನೊಂದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ಮಧ್ಯಾಹ್ನವಾದರೂ ಒಬ್ಬ ಮಹಿಳಾ ವೈದ್ಯರು ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಂಥವರ ಮಾತು ಕೇಳುವ ವ್ಯವಸ್ಥೆ ಮಾಡಿ. ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಹಿಂದೆ ಏನಾದರೂ ಆಪರೇಷನ್ ಆಗಿದೆಯೇ ಎಂದು ಕೇಳಲಿ. ಕೇಳಿದ್ದನ್ನು ಗಾಜಿಯಾಬಾದಿಗೆ ವರದಿ ಮಾಡಲಿ. ಹೆಸರು ಹೊರಗೆ ಹೋಗುವುದಿಲ್ಲವೆಂಬ ಧೈರ್ಯ ಕೊಟ್ಟರೆ ಹೆಂಗಸರು ನಿಜ ಹೇಳುತ್ತಾರೆ. ಇದನ್ನು ನನ್ನ ಅನುಭವದ ಮೇಲೆ ಹೇಳುತ್ತಿದ್ದೇನೆ. ಸಾಗರದಿಂದ ಬಂದ ಆ ಹೆಂಗಸು ನಮ್ಮ ಮನೆಯ ಅಡಿಕೆ ಅಟ್ಟದಲ್ಲಿ ಕುಳಿತು ಎರಡು ಗಂಟೆ ಮಾತಾಡಿದರು. ಹೋಗುವಾಗ, ನಾಲ್ಕು ವರ್ಷದಲ್ಲಿ ಇವತ್ತೇ ಬಾಯಿಬಿಟ್ಟು ಹೇಳಿದ್ದು ಎಂದರು. ಅವರಿಗೆ ನಾನು ಕೊಡಬಹುದಾದದ್ದು ಒಂದು ಲೋಟ ಕಷಾಯ ಮಾತ್ರ. ನಿಮ್ಮ ಬಳಿ ಆಸ್ಪತ್ರೆ ಇದೆ.

ಈ ಪತ್ರದಲ್ಲಿ ನನ್ನ ಹೆಸರಿಲ್ಲ. ಬೆಳೆಯುತ್ತಿರುವ ಇಬ್ಬರು ಮಕ್ಕಳಿದ್ದಾರೆ, ಊರು ಚಿಕ್ಕದು. ಆದರೆ ಹೆಸರು, ವಿಳಾಸ, ಎಂಆರ್‌ಐ ವರದಿ, ಚೀಲದ ಬೆನ್ನಿನ ಅಂಕಿಗಳ ಫೋಟೊ, ಒಪ್ಪಿಗೆ ಪತ್ರದ ಬಗ್ಗೆ ನನ್ನ ಹೇಳಿಕೆ, ಇವೆಲ್ಲವನ್ನೂ ಮುಚ್ಚಿದ ಲಕೋಟೆಯಲ್ಲಿ ನಿಮ್ಮಿಬ್ಬರ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಸ್ವೀಕೃತಿಯ ಸಂಖ್ಯೆ ನನ್ನ ಪುಸ್ತಕದಲ್ಲಿದೆ. ಅತ್ತೆಯವರಿಗೂ ಹೋದ ವಾರ ನಿಜ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಅಷ್ಟು ನೋವನ್ನು ಒಬ್ಬಳೇ ತಿಂದೆಯಲ್ಲೇ" ಎಂದರು.

ಮಂಗಳವಾರ ನನಗೆ ಮಂಡಿಯಿಂದ ವಾರದ ರಜೆ. ಯಾವ ಮಂಗಳವಾರ ಕರೆದರೂ ಬೆಳಗಿನ ಮೊದಲ ಬಸ್ಸಿಗೆ ಹೊರಟು ನಿಮ್ಮ ಕಚೇರಿಗೆ ಬರುತ್ತೇನೆ. ಪಕ್ಕದ ಮನೆಯ ಹುಡುಗಿಗೆ ಎಲ್ಲವನ್ನೂ ಹೇಳಿದ್ದೇನೆ, ಗಾಯದ ಗುರುತನ್ನೂ ತೋರಿಸಿದ್ದೇನೆ. ಬೇಡ ಎಂದು ಅವಳ ಪರವಾಗಿ ತೀರ್ಮಾನಿಸುವ ಅಧಿಕಾರ ನನಗಿಲ್ಲ. ಕನ್ನಡದ ಆ ಹಾಳೆ ಕೈಗೆ ಬರುವ ತನಕ ಮುಂಗಡ ಕಟ್ಟುವುದಿಲ್ಲ ಎಂದು ಅವಳು ಮಾತು ಕೊಟ್ಟಿದ್ದಾಳೆ. ಶಿಬಿರ ಮುಂದಿನ ತಿಂಗಳು ಇದೆ.

ಇಂತಿ ತಮ್ಮ ವಿಶ್ವಾಸಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಮಹಿಳೆ